ಔಷಧಿ ಚೀಟಿ, ಲಸಿಕೆ ಮತ್ತು ಫಾರ್ಮಸಿಸ್ಟರ ಕರ್ತವ್ಯ: ಸಾರ್ವಜನಿಕರಿಗೆ ಮಾಹಿತಿ

ವೈದ್ಯರು ರೋಗಿಯನ್ನು ಪರೀಕ್ಷಿಸಿ ಔಷಧಿಯನ್ನು ನಿರ್ಧರಿಸುತ್ತಾರೆ. ಫಾರ್ಮಸಿಸ್ಟರು ಚೀಟಿಗೆ ಅನುಸಾರವಾಗಿ ಅದನ್ನು ವಿತರಿಸುತ್ತಾರೆ. ಕೆಲವು ದೇಶಗಳಲ್ಲಿ ಈ ಕರ್ತವ್ಯದ ಒಂದು ಭಾಗವನ್ನು ಫಾರ್ಮಸಿಸ್ಟರಿಗೆ ವಹಿಸಲು ಕಾನೂನಿನಲ್ಲಿ ಅವಕಾಶವಿದೆ. ಅಮೆರಿಕದ ಎಲ್ಲ 50 ರಾಜ್ಯಗಳಲ್ಲಿ 2009ರಿಂದ ಫಾರ್ಮಸಿಸ್ಟರು ಲಸಿಕೆ ನೀಡಬಹುದಾಗಿದೆ. ಬ್ರಿಟನ್ನಿನಲ್ಲಿ 2006ರಿಂದ ವಿಶೇಷ ಅರ್ಹತೆ ಪಡೆದ ಫಾರ್ಮಸಿಸ್ಟರು ಸ್ವತಂತ್ರವಾಗಿ ಔಷಧಿ ಬರೆಯಬಹುದಾಗಿದೆ. ನಮ್ಮ ದೇಶದ ಔಷಧಿ ಅಂಗಡಿಗಳಿಗೆ ಇಂತಹ ಅಧಿಕಾರವಿರುವುದಿಲ್ಲ. ಆದುದರಿಂದ ಯಾವುದನ್ನು ಅಂಗಡಿಯಲ್ಲಿ ಕೇಳಬಹುದು, ಯಾವುದನ್ನು ವೈದ್ಯರಿಂದಲೇ ಬರೆಸಿಕೊಳ್ಳಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಫಾರ್ಮಸಿಸ್ಟರಿಂದ ದೊರೆಯಬೇಕಾದ ಸೇವೆ

ಫಾರ್ಮಸಿ ಅಧಿನಿಯಮ, 1948ರ ಪ್ರಕಾರ ವೈದ್ಯರ ಚೀಟಿಯ ಮೇರೆಗೆ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟರೇ ವಿತರಿಸತಕ್ಕದ್ದು. ಔಷಧಿ ಸೇವಿಸುವ ಕ್ರಮ, ವೇಳೆ, ಅಡ್ಡಪರಿಣಾಮ ಹಾಗೂ ಶೇಖರಣೆಯ ಬಗ್ಗೆ ಅವರಿಂದ ತಿಳುವಳಿಕೆ ಪಡೆಯಬಹುದು. ರೋಗಿಗೆ ಇಂತಹ ತಿಳುವಳಿಕೆ ನೀಡುವುದು ಫಾರ್ಮಸಿ ವೃತ್ತಿ ವಿನಿಯಮಗಳು, 2015ರನ್ವಯ ಫಾರ್ಮಸಿಸ್ಟರ ಕರ್ತವ್ಯವಾಗಿದೆ.

ಚೀಟಿಯಲ್ಲಿ ಗಮನಿಸಬೇಕಾದ ಅಂಶಗಳು

ಔಷಧ ನಿಯಮಗಳು, 1945ರ ನಿಯಮ 65ರಲ್ಲಿ ಈ ಕೆಳಗಿನ ಅಂಶಗಳನ್ನು ವಿಧಿಸಲಾಗಿದೆ.

1. ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು ಮತ್ತು ವಿಳಾಸ, ಔಷಧಿಯ ಒಟ್ಟು ಪ್ರಮಾಣ ಹಾಗೂ ಸೇವಿಸಬೇಕಾದ ಪ್ರಮಾಣ ಇರತಕ್ಕದ್ದು.

2. ವೈದ್ಯರು ಬರೆದಿದ್ದ ಹೊರತು ಒಂದೇ ಚೀಟಿಗೆ ಎರಡನೆಯ ಬಾರಿ ಔಷಧಿ ಕೊಡುವಂತಿಲ್ಲ. ರಕ್ತದೊತ್ತಡ, ಮಧುಮೇಹ ಮುಂತಾದವುಗಳಿಗೆ ಪ್ರತಿ ತಿಂಗಳು ಔಷಧಿ ಪಡೆಯುವವರು ಎಷ್ಟು ಬಾರಿ, ಎಷ್ಟು ದಿನಗಳಿಗೊಮ್ಮೆ ಪಡೆಯಬಹುದೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳುವುದು. ಇದರಿಂದ ಔಷಧಿ ನಡುವೆ ನಿಂತುಹೋಗುವುದು ತಪ್ಪುತ್ತದೆ.

3. ಎಚ್ ಮತ್ತು ಎಕ್ಸ್ ಅನುಸೂಚಿಯ ಔಷಧಿಗಳಿಗೆ ಬದಲಾಗಿ ಬೇರೆ ತಯಾರಿಕೆಯನ್ನು, ಅದರಲ್ಲಿ ಅದೇ ಮೂಲದ್ರವ್ಯವಿದ್ದರೂ ಸಹ, ಅಂಗಡಿಯವರು ತಾವಾಗಿ ನೀಡುವಂತಿಲ್ಲ. ಕಡಿಮೆ ಬೆಲೆಯ ಔಷಧಿ ಬೇಕಾದವರು ಕಂಪನಿಯ ಹೆಸರಿನ ಬದಲು ಜೆನೆರಿಕ್ ಹೆಸರನ್ನು ಬರೆದುಕೊಡುವಂತೆ ವೈದ್ಯರನ್ನು ಕೋರಬಹುದು. ಅಂತಹ ಚೀಟಿಗೆ ಜನೌಷಧಿ ಕೇಂದ್ರದಲ್ಲಿಯೂ ಔಷಧಿ ಪಡೆಯಬಹುದು.

4. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಔಷಧಿಗಳನ್ನು ನೀಡಿದಾಗ ವೈದ್ಯರ ಮತ್ತು ರೋಗಿಯ ವಿವರಗಳನ್ನು ಪ್ರತ್ಯೇಕ ವಹಿಯಲ್ಲಿ ನಮೂದಿಸಿ ಮೂರು ವರ್ಷ ಕಾಯ್ದಿರಿಸಬೇಕು. ಅಂಗಡಿಯವರು ವಿವರ ಕೇಳಿದಲ್ಲಿ ಸಹಕರಿಸುವುದು.

ಲಸಿಕೆ

ಔಷಧಿ ಅಂಗಡಿಯ ಪರವಾನಗಿಯು ಮಾರಾಟಕ್ಕೆ ಸಂಬಂಧಿಸಿದ್ದು, ಚುಚ್ಚುಮದ್ದು ನೀಡುವುದಕ್ಕಲ್ಲ. 2020ರ ಡಿಸೆಂಬರ್‌ನಲ್ಲಿ ಹೊರಡಿಸಲಾದ ಕೋವಿಡ್-19 ಲಸಿಕಾ ಮಾರ್ಗಸೂಚಿಯಲ್ಲಿ ಲಸಿಕೆ ನೀಡುವವರ ಪಟ್ಟಿಗೆ ಫಾರ್ಮಸಿಸ್ಟರನ್ನೂ ಸೇರಿಸಲಾಗಿತ್ತು. ಅದು ಆ ಅಭಿಯಾನದ ಲಸಿಕಾ ಕೇಂದ್ರಗಳಿಗೆ ಸಂಬಂಧಿಸಿದ ವ್ಯವಸ್ಥೆಯಾಗಿತ್ತು.

ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಲಸಿಕೆಯ ನಂತರ ಅಪರೂಪವಾಗಿ ತೀವ್ರ ಅಲರ್ಜಿ ಉಂಟಾಗಬಹುದಾದುದರಿಂದ ಸುಮಾರು ಅರ್ಧ ಗಂಟೆ ನಿಗಾ ಮತ್ತು ತುರ್ತು ಚಿಕಿತ್ಸೆಯ ಸಿದ್ಧತೆ ಅವಶ್ಯಕ. ಆದುದರಿಂದ ಲಸಿಕೆಯನ್ನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅಥವಾ ವೈದ್ಯರಿರುವ ಆಸ್ಪತ್ರೆಯಲ್ಲಿಯೇ ಹಾಕಿಸಿಕೊಳ್ಳತಕ್ಕದ್ದು. ನಾಯಿ ಕಚ್ಚಿದಲ್ಲಿ ಗಾಯವನ್ನು ಕೂಡಲೇ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅಂಗಡಿಯಲ್ಲಿ ವಿಚಾರಿಸುತ್ತ ಕಾಲ ಕಳೆಯದೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗುವುದು.

ದೂರು

ಖರೀದಿಸಿದ ಔಷಧಿಗೆ ಬಿಲ್ಲನ್ನು ತಪ್ಪದೆ ಪಡೆಯುವುದು. ಚೀಟಿಯಿಲ್ಲದೆ ಎಚ್ ಅನುಸೂಚಿಯ ಔಷಧಿ ಮಾರುವುದು ಅಥವಾ ಫಾರ್ಮಸಿಸ್ಟರಿಲ್ಲದೆ ವಿತರಿಸುವುದು ಕಂಡುಬಂದಲ್ಲಿ, ಬಿಲ್ಲು ಅಥವಾ ಲಭ್ಯ ದಾಖಲೆಯ ಪ್ರತಿಯೊಂದಿಗೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಛೇರಿಗೆ ಲಿಖಿತ ದೂರು ಸಲ್ಲಿಸಬಹುದು.