ಲಡಾಖ್‌ಗೆ ಸೈಕಲ್ ತುಳಿಯುವುದಾದರೆ ಕಾರ್ಗಿಲ್ ದಾರಿ ಹಿಡಿಯಿರಿ

ನಮ್ಮ ಹುಡುಗರಿಗೆ ಈಗ ಲಡಾಖ್ ಅಂದರೆ ಒಂದು ಹುಚ್ಚು. ಮೊದಲು ಬುಲೆಟ್‌ನಲ್ಲಿ ಹೋಗುತ್ತಿದ್ದರು, ಈಗ ಸೈಕಲ್‌ನಲ್ಲೇ ಹೋಗುತ್ತೇವೆ ಅನ್ನುವವರು ಶುರುವಾಗಿದ್ದಾರೆ. ಗಲ್ಫ್‌ನಿಂದ ರಜೆಗೆ ಬಂದವನೊಬ್ಬ, ಡಿಗ್ರಿ ಮುಗಿಸಿದವನೊಬ್ಬ, ಇನ್ನಿಬ್ಬರು ದೋಸ್ತಿಗಳು ಸೇರಿ ಪ್ಲಾನ್ ಹಾಕುತ್ತಾರೆ. ಮನೆಯಲ್ಲಿ ಉಮ್ಮ ಅಳುತ್ತಾರೆ, ಬಾಪ ಬೈಯುತ್ತಾರೆ. ಕೊನೆಗೆ "ಉಸ್ತಾದರೇ, ನೀವಾದರೂ ಒಂದು ಮಾತು ಹೇಳಿ" ಎಂದು ವಿಷಯ ಮದ್ರಸದ ಬಾಗಿಲಿಗೆ ಬರುತ್ತದೆ. ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಹಲಾಲಾದ ದುಡ್ಡು, ಹೆತ್ತವರ ಒಪ್ಪಿಗೆ, ನಮಾಝ್ ಬಿಡದ ಮನಸ್ಸು ಇದ್ದರೆ ಹೋಗಿ ಬರಲಿ. ಆದರೆ ಯಾವ ದಾರಿಯಲ್ಲಿ ಹೋಗುತ್ತೀರಿ ಎಂದು ಮೊದಲು ಕೇಳುತ್ತೇನೆ. ಹೆಚ್ಚಿನವರ ಉತ್ತರ ಒಂದೇ: ಮನಾಲಿಯಿಂದ.

ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ನಮಗೆ ಅದು ಮೊದಲು ಹಿಡಿಯುವ ದಾರಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ.

ಮರುಭೂಮಿ ಅಂದ ಕೂಡಲೇ ನಮಗೆ ದುಬೈ, ಸೌದಿಯ ಮರಳು ನೆನಪಾಗುತ್ತದೆ. ಲಡಾಖ್ ಕೂಡ ಮರುಭೂಮಿಯೇ, ಆದರೆ ಎತ್ತರದಲ್ಲಿರುವ ಚಳಿಯ ಮರುಭೂಮಿ. ಮಳೆಯ ಮೋಡವನ್ನು ಹಿಮಾಲಯದ ಸಾಲು ಆಚೆಗೆ ದಾಟಲು ಬಿಡುವುದಿಲ್ಲ. ಲೇಹ್ ಪಟ್ಟಣದಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 100 ಮಿಲಿಮೀಟರ್. ನಮ್ಮ ಮಂಗಳೂರಿನಲ್ಲಿ ಜುಲೈಯ ಒಂದು ಜೋರು ದಿನ ಸಾಕು, ಅಷ್ಟು ಸುರಿದುಬಿಡುತ್ತದೆ. ಅಲ್ಲಿ ಮರವಿಲ್ಲ, ನೆರಳಿಲ್ಲ, ಹಗಲು ಬಿಸಿಲು ಚರ್ಮ ಸುಡುತ್ತದೆ, ರಾತ್ರಿ ಎಲುಬು ನಡುಗುತ್ತದೆ. ಇದನ್ನೆಲ್ಲ ಬಟ್ಟೆ, ಟೋಪಿ, ನೀರಿನ ಬಾಟಲಿಯಿಂದ ಎದುರಿಸಬಹುದು. ಎದುರಿಸಲು ಆಗದ್ದು ತೆಳು ಗಾಳಿ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಬದಿಯ ಮೂರರಲ್ಲಿ ಎರಡು ಪಾಲಿನಷ್ಟು. 5,300 ಮೀಟರಿಗೆ ಹೋದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ.

ಇಲ್ಲಿ ಹುಡುಗರಿಗೆ ಒಂದು ತಪ್ಪು ತಿಳುವಳಿಕೆ ಇದೆ. ಚಾರ್ಮಾಡಿ ಘಾಟಿಯನ್ನು ನಿಲ್ಲಿಸದೆ ಹತ್ತುತ್ತೇನೆ, ಜಿಮ್‌ಗೆ ಹೋಗುತ್ತೇನೆ, ನನಗೇನು ಆಗುತ್ತದೆ ಅನ್ನುತ್ತಾರೆ. ಎತ್ತರದ ಕಾಯಿಲೆ ತೋಳು, ತೊಡೆ ನೋಡಿ ಬರುವುದಿಲ್ಲ. ಗಟ್ಟಿ ಹುಡುಗ ಬೇಗ ಬೇಗ ಹತ್ತುತ್ತಾನೆ, ಅದಕ್ಕೇ ಅವನಿಗೆ ಅಪಾಯ ಹೆಚ್ಚು. ಶರೀರಕ್ಕೆ ಬೇಕಾದದ್ದು ಶಕ್ತಿಯಲ್ಲ, ಸಮಯ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಮೇಲೆ ಇರಬಾರದು ಎಂದು ವೈದ್ಯರು ಹೇಳುತ್ತಾರೆ. ಹಗಲು ಎಷ್ಟು ಎತ್ತರ ಹತ್ತಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದೇ ಮುಖ್ಯ.

ಈ ಲೆಕ್ಕ ಇಟ್ಟುಕೊಂಡು ಮನಾಲಿ ದಾರಿ ನೋಡಿ. ರೋಹ್ತಾಂಗ್ ಮೇಲಿನಿಂದ ಹೋದರೆ ಲೇಹ್‌ಗೆ ಸುಮಾರು 470 ಕಿಲೋಮೀಟರ್. ಟಾಂಡಿಯ ಪೆಟ್ರೋಲ್ ಪಂಪಿನಲ್ಲಿ ಮುಂದಿನ ಪಂಪು 365 ಕಿಲೋಮೀಟರ್ ಎಂಬ ಬೋರ್ಡು ಬಹಳ ಹೆಸರುವಾಸಿ. ಸೈಕಲಿಗೆ ಪೆಟ್ರೋಲ್ ಬೇಡ, ಆದರೆ ಮುಂದೆ ಊರುಗಳು ಎಷ್ಟು ಕಡಿಮೆ ಎಂದು ಆ ಬೋರ್ಡೇ ಹೇಳುತ್ತದೆ. ಜಿಸ್ಪಾದಲ್ಲಿ ಸುಮಾರು 3,200 ಮೀಟರಿನಲ್ಲಿ ಮಲಗಿದವರು ಬಾರಾಲಾಚಾ ಲಾ ದಾಟಿ ಮಲಗುವುದು ಸರ್ಚುವಿನಲ್ಲಿ, ಅದು ಸುಮಾರು 4,300 ಮೀಟರ್. ಅಲ್ಲಿಂದ ಗಾಟಾ ಲೂಪ್ಸ್‌ನ 21 ತಿರುವು, ಮತ್ತೆ ಎರಡು ಕಣಿವೆ ದಾರಿ, ನಂತರ ಪಾಂಗ್. ಅದು ಸರ್ಚುಗಿಂತಲೂ ಮೇಲೆ. ರಾತ್ರಿ ತಲೆ ಸಿಡಿಯಲು ಶುರುವಾದರೆ ಕೆಳಗೆ ಓಡಿಹೋಗಲು ಕೂಡ ದಾರಿ ಇಲ್ಲ, ಯಾಕೆಂದರೆ ಹಿಂದೆಯೂ ಏರು, ಮುಂದೆಯೂ ಏರು. ಪಾಂಗ್ ದಾಟಿದ ಮೇಲೆ ಮೋರೆ ಬಯಲು ಬರುತ್ತದೆ. ನಲ್ವತ್ತು ಕಿಲೋಮೀಟರಿನಷ್ಟು ಸಮತಟ್ಟು ನೆಲ, ಎರಡೂ ಕಡೆ ಕಂದು ಗುಡ್ಡ. ನೋಡಿದವರು ಮರೆಯುವುದಿಲ್ಲ, ಸುಬ್‌ಹಾನಲ್ಲಾಹ್. ಆದರೆ ಅದನ್ನು ನೋಡಲು ತಲೆನೋವು ಇಲ್ಲದ ಕಣ್ಣು ಬೇಕು.

ಈಗ ಶ್ರೀನಗರದ ದಾರಿ. ಇದೂ ಸುಮಾರು 420 ಕಿಲೋಮೀಟರ್. ಮೊದಲ ರಾತ್ರಿ 1,600 ಮೀಟರಿನ ಶ್ರೀನಗರ, ಎರಡನೆಯದು 2,700ರ ಆಸುಪಾಸಿನ ಸೋನಾಮಾರ್ಗ್. ಮೂರನೇ ದಿನ 3,528 ಮೀಟರಿನ ಝೋಜಿಲಾ ದಾಟಿ ಡ್ರಾಸ್, ಅದು ಸುಮಾರು 3,200. ನಾಲ್ಕನೇ ರಾತ್ರಿ ಇಳಿದು ಕಾರ್ಗಿಲ್, 2,700ಕ್ಕೂ ಸ್ವಲ್ಪ ಕೆಳಗೆ. ನೋಡಿ, ರಸ್ತೆಯೇ ನಿಮ್ಮನ್ನು ಒಮ್ಮೆ ಮೇಲೆ ಹತ್ತಿಸಿ, ಮತ್ತೆ ಕೆಳಗಿಳಿಸಿ ಮಲಗಿಸುತ್ತದೆ. ಕಾರ್ಗಿಲ್‌ನಲ್ಲಿ ಒಂದು ದಿನ ಹೆಚ್ಚಿಗೆ ನಿಂತು ಮುಲ್ಬೇಖ್, ಆಮೇಲೆ ನಮಿಕಾ ಲಾ ಮತ್ತು 4,108 ಮೀಟರಿನ ಫೋಟು ಲಾ. ಈ ದಾರಿಯಲ್ಲಿ ಅದಕ್ಕಿಂತ ಮೇಲೆ ಏನೂ ಇಲ್ಲ. ಇಳಿದರೆ ಲಾಮಾಯುರು, ಅಲ್ಲಿಂದ ಸಿಂಧೂ ನದಿಯ ಬದಿ ಹಿಡಿದು ಖಾಲ್ಸಿ, ನಿಮ್ಮು, ಲೇಹ್. ಎಂಟೊಂಬತ್ತು ದಿನ ಇಟ್ಟುಕೊಂಡರೆ ಆರಾಮ. ನಿಮ್ಮು ಆದ ಮೇಲೆ ವಾಹನ ತಾನಾಗಿ ಏರು ಹತ್ತುತ್ತದೆ ಅನ್ನುವ ಮ್ಯಾಗ್ನೆಟಿಕ್ ಹಿಲ್ ಇದೆ. ಅದು ಕಣ್ಣಿನ ಮೋಸ ಎಂದು ಸೈಕಲ್ ತುಳಿಯುವವನ ಕಾಲಿಗೆ ತಕ್ಷಣ ಗೊತ್ತಾಗುತ್ತದೆ.

ಈ ದಾರಿ ಹೂವಿನ ಹಾಸಿಗೆ ಅಂತ ಅಲ್ಲ. ಝೋಜಿಲಾದಲ್ಲಿ ರಸ್ತೆ ಕಿರಿದು, ಕೆಸರು, ಒಂದು ಬದಿ ಪ್ರಪಾತ, ಎದುರಿನಿಂದ ಲಾರಿ, ಮಿಲಿಟರಿ ಗಾಡಿಗಳ ಸಾಲು. ಸೇನೆಯ ಸಾಲು ಬಂದರೆ ಇಳಿದು ಗುಡ್ಡದ ಬದಿಗೆ ನಿಲ್ಲಬೇಕು, ಪ್ರಪಾತದ ಬದಿಗೆ ಅಲ್ಲ. ಅಷ್ಟು ಭಾಗ ಹೆದರಿಕೆ ಎನಿಸಿದರೆ ಸೈಕಲನ್ನು ಜೀಪಿಗೆ ಏರಿಸಿ, ಅದರಲ್ಲಿ ನಾಚಿಕೆ ಏನು? ಮಧ್ಯಾಹ್ನದ ನಂತರ ಎದುರುಗಾಳಿ ಏಳುತ್ತದೆ, ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ತೊರೆಗಳೂ ಆಗಲೇ ತುಂಬುವುದು. ಸುಬಹಿ ನಮಾಝ್ ಮುಗಿಸಿ ಬೆಳಕಾದ ಕೂಡಲೇ ಹೊರಟವನಿಗೆ ಎರಡರ ಕಾಟವೂ ಕಡಿಮೆ.

ಕಾರ್ಗಿಲ್ ದಾರಿಯನ್ನು ನಾನು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಇದು ಹಳೆಯ ಕಾರವಾನ್ ದಾರಿ. ಚೀನಾದ ಆಡಳಿತದಲ್ಲಿದ್ದ ಯಾರ್ಕಂದ್‌ನಿಂದ ಕಾರಕೋರಂ ದಾಟಿ ಲೇಹ್‌ಗೆ, ಅಲ್ಲಿಂದ ಶ್ರೀನಗರಕ್ಕೆ ಕುದುರೆಗಳ ಮೇಲೆ ರೇಷ್ಮೆ, ಜಮಖಾನ ಬರುತ್ತಿತ್ತು. ಹಜ್ಜಿಗೆ ಹೊರಟ ಯಾರ್ಕಂದ್, ಕಾಶ್‌ಗರ್‌ನ ಮುಸ್ಲಿಮರೂ ಇದೇ ದಾರಿಯಲ್ಲಿ ಇಳಿದು ಬೊಂಬಾಯಿಗೆ ಬಂದು ಹಡಗು ಹತ್ತುತ್ತಿದ್ದರು. ನಮ್ಮ ಅಜ್ಜಂದಿರು ಹಡಗು ಹತ್ತಿದ್ದೂ ಅದೇ ಬೊಂಬಾಯಿಯಲ್ಲಿ. ಲೇಹ್‌ನಲ್ಲಿ ಅರ್ಗೋನ್ ಎಂಬ ಮುಸ್ಲಿಮರಿದ್ದಾರೆ. ವ್ಯಾಪಾರಕ್ಕೆ ಬಂದ ಯಾರ್ಕಂದಿ, ಕಾಶ್ಮೀರಿ ಗಂಡಸರು ಅಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಬೆಳೆದ ಮನೆತನಗಳು. ಬ್ಯಾರಿ ಎಂಬ ಹೆಸರು 'ಬ್ಯಾರ'ದಿಂದ, ಅಂದರೆ ವ್ಯಾಪಾರದಿಂದ ಬಂತು ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಅರಬಿ ವ್ಯಾಪಾರಿಗಳ ಕತೆ ಹೇಳುತ್ತಾರಲ್ಲ, ಅದೇ ಕತೆ! ನಮ್ಮಲ್ಲಿ ಕಡಲು, ಅಲ್ಲಿ ಕಣಿವೆ. ಗಲ್ವಾನ್ ಕಣಿವೆ ಎಂದು ಟಿವಿಯಲ್ಲಿ ಕೇಳಿದ್ದೇವೆ. ಆ ಹೆಸರು ಲೇಹ್‌ನ ಗುಲಾಮ್ ರಸೂಲ್ ಗಲ್ವಾನ್ ಎಂಬ ಕಾರವಾನ್ ಮನುಷ್ಯನದ್ದು. ಬಡತನದಲ್ಲಿ ಹುಟ್ಟಿ, ಬಿಳಿಯರ ಸಾಮಾನು ಹೊತ್ತು ಮರುಭೂಮಿ ದಾಟಿ, ಕೊನೆಗೆ ತನ್ನ ಜೀವನವನ್ನು ಇಂಗ್ಲಿಷಿನಲ್ಲಿ ಬರೆದರು, 1923ರಲ್ಲಿ ಆ ಪುಸ್ತಕ ಪ್ರಕಟವಾಯಿತು. ಕಾರ್ಗಿಲ್‌ನಲ್ಲಿ ಮುನ್ಷಿ ಅಝೀಝ್ ಭಟ್ ಅವರ ಹೆಸರಿನ ಮ್ಯೂಸಿಯಂ ಇದೆ, ಹಳೆಯ ಸರಾಯಿಯಲ್ಲಿ ಉಳಿದ ಸಾಮಾನುಗಳೇ ಅಲ್ಲಿ ಇರುವುದು. ಹುಡುಗರು ಸೆಲ್ಫಿ ತೆಗೆದು ಹಾಗೇ ಮುಂದೆ ಹೋಗಬಾರದು, ಒಂದು ಗಂಟೆ ಒಳಗೆ ಕೂರಬೇಕು.

ಆ ಕಾರವಾನ್ ಜನ ಒಂದು ದಿನಕ್ಕೆ ಒಂದೇ ಮಂಝಿಲ್ ನಡೆಯುತ್ತಿದ್ದರು. ಕುದುರೆ ಸತ್ತರೆ ಸರಕು ಹೋಯಿತು, ಹಾಗಾಗಿ ಅವಸರ ಮಾಡುವಂತಿರಲಿಲ್ಲ.

ಮಸ್‌ಅಲ ಕೇಳುವವರಿಗೆ ಸ್ವಲ್ಪ. ಪ್ರಯಾಣದಲ್ಲಿ ಲುಹರ್, ಅಸರ್, ಇಶಾ ಎರಡೆರಡು ರಕ್‌ಅತ್ ಕಸ್ರ್ ಮಾಡಬಹುದು, ಲುಹರ್-ಅಸರ್ ಮತ್ತು ಮಗ್ರಿಬ್-ಇಶಾ ಜಂಅ್ ಮಾಡಬಹುದು. ಆದರೆ ಬಂದ ದಿನ, ಹೊರಡುವ ದಿನ ಬಿಟ್ಟು ಲೇಹ್‌ನಲ್ಲಿ ಪೂರ್ತಿ ನಾಲ್ಕು ದಿನ ನಿಲ್ಲುವ ನಿಯ್ಯತ್ ಇದ್ದರೆ ಅಲ್ಲಿ ಕಸ್ರ್ ಇಲ್ಲ. ಚಳಿಗೆ ಹೆದರಿ ತಯಮ್ಮುಮ್ ಮಾಡಿದವರು ನಮ್ಮ ಶಾಫಿಈ ಮಝ್‌ಹಬ್‌ನಲ್ಲಿ ಆ ನಮಾಝನ್ನು ಮತ್ತೆ ನಿರ್ವಹಿಸಬೇಕು. ಡಾಬಾದಲ್ಲಿ ಒಂದು ಕೆಟಲ್ ಬಿಸಿನೀರು ಕೇಳುವುದೇ ಸುಲಭ. ಕಿಬ್ಲ ಕೂಡ ನಮ್ಮಂತೆ ಅಲ್ಲ. ನಮ್ಮಲ್ಲಿ ಪಶ್ಚಿಮಕ್ಕೆ ನಿಂತು ಸ್ವಲ್ಪ ಬಲಕ್ಕೆ ತಿರುಗುತ್ತೇವೆ, ಲೇಹ್‌ನಲ್ಲಿ ಸ್ವಲ್ಪ ಎಡಕ್ಕೆ. ಕಾರ್ಗಿಲ್‌ನಲ್ಲಿ ಹೆಚ್ಚಿನವರು ಶಿಯಾಗಳು, ಸುನ್ನಿ ಮಸೀದಿಯೂ ಇದೆ. ಲೇಹ್ ಬಝಾರಿನ ಜಾಮಿಅ ಮಸೀದಿ 17ನೇ ಶತಮಾನದ್ದು, ಜುಮಾ ಅಲ್ಲಿಗೆ ಸಿಗುವಂತೆ ದಿನ ಲೆಕ್ಕ ಹಾಕಿಕೊಂಡರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದ ಸುನ್ನತ್ ಒಂದಿದೆ, ನಮ್ಮ ಹುಡುಗರು ಅದನ್ನೇ ಬಿಡುತ್ತಾರೆ. ಮೂವರು ಪ್ರಯಾಣ ಹೊರಟರೆ ಒಬ್ಬನನ್ನು ಅಮೀರ್ ಮಾಡಿಕೊಳ್ಳಬೇಕು. ಇದನ್ನು ಮಂಗಳೂರಿನಲ್ಲೇ ಮಾಡಿ ಮುಗಿಸಿ. ಅಮೀರನ ಕೆಲಸ ಮುಂದೆ ತುಳಿಯುವುದಲ್ಲ. ತಲೆನೋವು, ವಾಂತಿ ಇದ್ದವನನ್ನು ಇನ್ನೂ ಮೇಲಕ್ಕೆ ಹತ್ತಲು ಬಿಡಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಡುವುದು, ಮಾತು ತಪ್ಪುವುದು ಕಂಡರೆ ರಾತ್ರಿಯಾದರೂ ಸರಿ, ಗಾಡಿ ಹಿಡಿದು ಅವನನ್ನು ಕೆಳಗಿಳಿಸಬೇಕು, ಒಬ್ಬನೇ ಕಳಿಸಬಾರದು. ಬೆಳಿಗ್ಗೆ ನೋಡೋಣ ಎಂದರೆ ಜೀವಕ್ಕೆ ಅಪಾಯ. "ನನಗೇನಿಲ್ಲ" ಎಂದು ಕಾಯಿಲೆಯವನೇ ಹೇಳುತ್ತಾನೆ, ಅವನ ಮಾತು ಕೇಳಬಾರದು. ಡಯಾಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ, ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ನಿದ್ದೆ ಮಾತ್ರೆ ಬೇಡವೇ ಬೇಡ.

ಮನಾಲಿ ದಾರಿಯ ಆಸೆ ಬಿಡಲು ಆಗದಿದ್ದರೆ ಅದನ್ನು ವಾಪಸು ಬರುವಾಗಕ್ಕೆ ಇಟ್ಟುಕೊಳ್ಳಿ. ಕಾರ್ಗಿಲ್‌ನಿಂದ ಬಂದು ಲೇಹ್‌ನಲ್ಲಿ ಎರಡು ಮೂರು ದಿನ ನಿಂತ ಶರೀರಕ್ಕೆ ಪಾಂಗ್, ಸರ್ಚು ಅಷ್ಟು ಕಷ್ಟ ಕೊಡುವುದಿಲ್ಲ. ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಎರಡೂ ದಾರಿ ಸಾಮಾನ್ಯವಾಗಿ ತೆರೆದಿರುತ್ತವೆ.

ಮನೆಯಲ್ಲಿರುವ ಉಮ್ಮಂದಿರಿಗೆ ಒಂದು ಮಾತು. ನಮ್ಮ ಊರಿನ ಪ್ರೀಪೇಡ್ ಸಿಮ್ ಕಾಶ್ಮೀರ, ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ಬೇಕು. ಹೊರಡುವ ಮೊದಲು ಮಗನ ಸಿಮ್ ಯಾವುದು ಎಂದು ಕೇಳಿ. ಪೋಸ್ಟ್‌ಪೇಡ್ ಇದ್ದರೂ ಲೇಹ್–ಮನಾಲಿ ನಡುವೆ ಹೆಚ್ಚಿನ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಯಾವ ದಿನ ಯಾವ ಊರಿನಿಂದ ಫೋನ್ ಮಾಡುತ್ತಾನೆ ಎಂದು ಕಾಗದದಲ್ಲಿ ಬರೆಸಿ, ಅಡುಗೆ ಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿ ಇಡಿ.