ತೆರೆಯ ಮೇಲೆ ಚಪ್ಪಾಳೆ, ಬಾಡಿಗೆ ಮನೆಗೆ ಬೀಗ!

ಚಿತ್ರರಸಿಕರೇ, 'ನಾನು ಅವನಲ್ಲ... ಅವಳು' ನೋಡಿದ್ದೀರಲ್ಲವೇ? ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ಈ ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ 2015ರಲ್ಲಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು. 'ಚೋಮನ ದುಡಿ'ಯ ವಾಸುದೇವರಾವ್, 'ತಬರನ ಕಥೆ'ಯ ಚಾರುಹಾಸನ್ ನಂತರ ಕನ್ನಡ ಚಿತ್ರಕ್ಕಾಗಿ ಈ ಗೌರವ ಪಡೆದ ಮೂರನೆಯವರು. 2021ರಲ್ಲಿ ರಸ್ತೆ ಅಪಘಾತ ಆ ಕಲಾವಿದನನ್ನು ನಮ್ಮಿಂದ ಕಿತ್ತುಕೊಂಡಿತು.

ಆದರೆ ಆ ಕಥೆ ಕಟ್ಟುಕಥೆಯಲ್ಲ. ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ಶೂಟಿಂಗ್ ಮುಗಿದ ಮೇಲೆ ವಿಜಯ್ ಮೇಕಪ್ ಅಳಿಸಿ ಮನೆಗೆ ಹೋಗುತ್ತಿದ್ದರು. ಬದುಕೇ ಹಾಗಿರುವವರು ಯಾವ ಮನೆಗೆ ಹೋಗಬೇಕು?

ಮೆಜೆಸ್ಟಿಕ್ಕಿನ ಟೀ ಅಂಗಡಿ ಮುಂದೆ ಮಂಗಳಮುಖಿಯೊಬ್ಬರನ್ನು ಇದೇ ಪ್ರಶ್ನೆ ಕೇಳಿದೆ. ನಕ್ಕುಬಿಟ್ಟರು. "ಅಣ್ಣಾ, ಟು-ಲೆಟ್ ಬೋರ್ಡ್ ನೋಡ್ಕೊಂಡು ಹೋಗ್ತೀವಿ. ನಮ್ಮ ಮುಖ ನೋಡಿದ ಕೂಡ್ಲೇ ಮನೆ ಆಗ್ಲೇ ಹೋಯ್ತು ಅಂತಾರೆ. ಬೋರ್ಡ್ ಮಾತ್ರ ತಿಂಗಳಾದ್ರೂ ಅಲ್ಲೇ ಇರುತ್ತೆ!"

ಹಲ್ಲಿಲ್ಲದ ಕಾನೂನು

ಇದಕ್ಕೆ ಕಾನೂನು ಇಲ್ಲವೇ ಅಂತೀರಾ? ಇದೆ ಸ್ವಾಮಿ! ತಾನು ಗಂಡೋ, ಹೆಣ್ಣೋ, ಮೂರನೆಯ ಲಿಂಗವೋ ಎಂದು ಹೇಳಿಕೊಳ್ಳುವ ಹಕ್ಕು ಅವರವರದೇ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ತೀರ್ಪಿತ್ತಿತು. 2019ರಲ್ಲಿ ಪಾರ್ಲಿಮೆಂಟು ಕಾಯ್ದೆಯನ್ನೇ ಮಾಡಿತು. ಶಾಲೆ, ಆಸ್ಪತ್ರೆ, ನೌಕರಿ, ಬಾಡಿಗೆ ಮನೆ, ಎಲ್ಲಿಯೂ ಭೇದ ಮಾಡಕೂಡದು ಎಂದು ಅದರಲ್ಲಿ ಬರೆದರು.

ತಮಾಷೆ ಇರುವುದು ಮುಂದೆ. ಸಾರ್ವಜನಿಕ ಜಾಗಕ್ಕೆ ಬಿಡದಿದ್ದರೆ, ಮನೆಯಿಂದ ಹೊರಹಾಕಿದರೆ, ಹಿಂಸೆ ಕೊಟ್ಟರೆ ಶಿಕ್ಷೆ ಉಂಟು. ಆದರೆ ನೌಕರಿ ಕೊಡದ ಮಾಲೀಕನಿಗೆ, ಮನೆ ಕೊಡದ ಯಜಮಾನನಿಗೆ ಎಷ್ಟು ಶಿಕ್ಷೆ ಎಂದು 2019ರ ಆ ಕಾಯ್ದೆಯಲ್ಲಿ ಬರೆಯಲೇ ಇಲ್ಲ!

ಇನ್ನೊಂದು ಕೇಳಿ. ಆಗಿನ ಕಾನೂನಿನಂತೆ ಹೆಣ್ಣಿನ ಮೇಲೆ ಅತ್ಯಾಚಾರವಾದರೆ ಕನಿಷ್ಠ 10 ವರ್ಷ ಜೈಲು. ಮಂಗಳಮುಖಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಈ ಕಾಯ್ದೆ ಇಟ್ಟ ಶಿಕ್ಷೆ 6 ತಿಂಗಳಿಂದ 2 ವರ್ಷ! ನೋವಿಗೂ ಎರಡು ತಕ್ಕಡಿಯೇ?

ಹಲ್ಲಿಲ್ಲದ ಕಾನೂನು ಹಿಡಿದು ನ್ಯಾಯ ಪಡೆಯಬೇಕಾದರೆ ಎಲ್ಲಿಯತನಕ ಹೋಗಬೇಕು ಗೊತ್ತೇ? ಉತ್ತರ ಭಾರತದಲ್ಲೊಬ್ಬ ಟ್ರಾನ್ಸ್‌ಜೆಂಡರ್ ಶಿಕ್ಷಕಿ ಖಾಸಗಿ ಶಾಲೆಗಳಲ್ಲಿ ನೌಕರಿ ಕಳೆದುಕೊಂಡರು. ಪರಿಹಾರ ಸಿಕ್ಕಿದ್ದು 2025ರ ಅಕ್ಟೋಬರಿನಲ್ಲಿ, ಅದೂ ಸುಪ್ರೀಂ ಕೋರ್ಟಿನಲ್ಲಿ! ಮೆಜೆಸ್ಟಿಕ್ಕಿನ ಆ ಹೆಣ್ಣುಮಗಳು ಒಂದು ಬಾಡಿಗೆ ಮನೆಗಾಗಿ ದಿಲ್ಲಿಗೆ ಹೋದಾರೇ?

ನಮ್ಮ ನಾಡಿನ ಹೆಜ್ಜೆ

ಕರ್ನಾಟಕ ಸುಮ್ಮನೆ ಕೂತಿಲ್ಲ, ನಿಜ. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1 ಮೀಸಲಾತಿ ತಂದಿತು. ಜೋಗತಿ ನೃತ್ಯದ ಮಂಜಮ್ಮನವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆಯಲು ಹೋದವರು ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದರು. ನೋಡಿದ ನನ್ನ ಕಣ್ಣು ಒದ್ದೆಯಾಯಿತು.

ಆದರೆ ಎಲ್ಲರೂ ಮಂಜಮ್ಮ ಆಗಲಾರರು, ಆಗಬೇಕಾಗಿಯೂ ಇಲ್ಲ. ಪ್ರಶಸ್ತಿ ಬೇಡದವರಿಗೂ ಒಂದು ಕೋಣೆ, ಒಂದು ಕೆಲಸ ಬೇಕು. "ಭೇದ ಮಾಡಬೇಡಿ" ಎಂದರೆ ಸಾಲದು. ಮಾಡಿದವನಿಗೆ ದಂಡ ಬೀಳಬೇಕು, ದೂರು ಕೇಳುವ ಕಚೇರಿ ತಾಲ್ಲೂಕಿನಲ್ಲೇ ಇರಬೇಕು.

ನಮ್ಮ ಗಾಂಧಿನಗರಕ್ಕೂ ಒಂದು ಮಾತು. ಕಾಮಿಡಿ ಸೀನಿನಲ್ಲಿ ಇವರಿಂದ ಚಪ್ಪಾಳೆ ತಟ್ಟಿಸಿ ನಗಿಸಿದ್ದು ಸಾಕು. ಟಿಕೆಟ್ ಕೊಟ್ಟು ನಕ್ಕವನೇ ಬೆಳಿಗ್ಗೆ ಮನೆ ಮಾಲೀಕನಾಗಿ ಬಾಗಿಲಲ್ಲಿ ನಿಂತಿರುತ್ತಾನೆ!