ಹಿರೇಕೆರೂರಿನ ಕರ, ಸವಣೂರಿನ ಮಲ

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ, ಶಿಗ್ಗಾವಿಯಿಂದ ಸವಣೂರಿನವರೆಗೆ ಯಾವ ಸಭೆಗೆ ಹೋದರೂ, ಸ್ವಾತಂತ್ರ್ಯದ ಸತ್ಯಾಗ್ರಹವನ್ನೂ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ನಡೆದ ಗೋಲಿಬಾರನ್ನೂ ದಲಿತರ ಚಳವಳಿಯನ್ನೂ ಒಂದೇ ಉಸಿರಿನಲ್ಲಿ ಸ್ಮರಿಸಿ, ಇವೆಲ್ಲ ಒಂದೇ ಹೋರಾಟವೆಂದು ಸಾರುವ ವಕ್ತಾರರು ದೊರೆಯುತ್ತಾರೆ. ಅವರ ಸದ್ಭಾವವನ್ನು ಶಂಕಿಸಬೇಕಾಗಿಲ್ಲ. ಆದರೆ ಆ ಸಮೀಕರಣದಲ್ಲಿ ನಷ್ಟವಾಗುವುದು ಯಾರಿಗೆಂಬುದನ್ನು ನೋಡಬೇಕು.

೧೯೩೦ರ ದಶಕದ ಆರಂಭದಲ್ಲಿ ಅಂಕೋಲೆ, ಸಿದ್ದಾಪುರಗಳೊಡನೆ ಹಿರೇಕೆರೂರು ತಾಲ್ಲೂಕಿನಲ್ಲಿಯೂ ಕರನಿರಾಕರಣೆ ನಡೆಯಿತು. ಜಮೀನು ಜಪ್ತಿಯಾಗುವುದೆಂದು ತಿಳಿದೂ ಕಂದಾಯ ಕೊಡಲೊಲ್ಲೆವೆಂದ ಆ ರೈತರ ಧೈರ್ಯ ಸಾಮಾನ್ಯವಾದುದಲ್ಲ. ಆದರೂ ನಿರಾಕರಿಸಲು ಅವರ ಕೈಯಲ್ಲಿ ಕರವಿತ್ತು, ಕಳೆದುಕೊಳ್ಳಲು ಹೊಲವಿತ್ತು. ೧೯೩೭ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು, ಚಳವಳಿಯಲ್ಲಿ ಜಪ್ತಿಯಾದ ಭೂಮಿಯನ್ನು ಒಡೆಯರಿಗೆ ಮರಳಿಸಲು ಕಾನೂನನ್ನೇ ರಚಿಸಿತು.

ಸವಣೂರಿನ ಸಂಗತಿ ಬೇರೆ. ೨೦೧೦ರ ಜುಲೈ ೨೦ರಂದು, ತಲೆಮಾರುಗಳಿಂದ ಊರಿನ ಪಾಯಿಖಾನೆಗಳನ್ನು ಬಳಿಯುತ್ತ ಬಂದ ಭಂಗಿ ಸಮುದಾಯದ ಕೆಲವರು, ತಾವು ದಶಕಗಳಿಂದ ವಾಸವಾಗಿದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟುವುದಕ್ಕಾಗಿ ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಸಚಿವ ಬಿ. ಬಸವಲಿಂಗಪ್ಪನವರು ೧೯೭೦ರ ದಶಕದಲ್ಲಿಯೇ ನಿಷೇಧಿಸಿದ್ದರು. ೧೯೯೩ರಲ್ಲಿ ಕೇಂದ್ರದ ಕಾಯಿದೆಯೂ ಬಂದಿತ್ತು. ಹಾಗಿದ್ದೂ ಅವರಿಗೆ ಆಯುಧವಾಗಿ ದೊರೆತುದು, ಊರು ಅವರ ಪಾಲಿಗೆ ಬಿಟ್ಟಿದ್ದ ಆ ಒಂದು ವಸ್ತು ಮಾತ್ರ. ಇದನ್ನೂ ಸತ್ಯಾಗ್ರಹವೆಂದು ಕರೆದು ಗೌರವಿಸಿದೆವೆಂದು ಸಮಾಧಾನಪಡುವವರು, ನೋಡಲಾರದ ದೃಶ್ಯವೊಂದನ್ನು ನೋಡಬಹುದಾದ ಚಿತ್ರವಾಗಿ ಮಾರ್ಪಡಿಸಿಕೊಳ್ಳುತ್ತಾರೆಂದೇ ನನಗೆ ತೋರುತ್ತದೆ.

ಹೋಲಿಕೆಯೇ ಸಲ್ಲದೆಂದು ಇದರ ಅರ್ಥವಲ್ಲ. ಜ್ಯೋತಿಬಾ ಫುಲೆಯವರು ೧೮೭೩ರಲ್ಲಿ ‘ಗುಲಾಮಗಿರಿ’ಯನ್ನು, ಕರಿಯರನ್ನು ದಾಸ್ಯದಿಂದ ಬಿಡಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದಾಗ, ದೂರದ ಒಂದು ವೇದನೆಯ ಬೆಳಕಿನಲ್ಲಿ ಇಲ್ಲಿಯ ವೇದನೆ ಸ್ಪಷ್ಟವಾಯಿತು. ಅಲ್ಲಿ ಹೋಲಿಸಿದವನು ನೊಂದವನೇ. ತನ್ನ ಬೇಡಿಕೆಯನ್ನು ಅವನು ಮತ್ತೊಬ್ಬರ ಬೇಡಿಕೆಯಲ್ಲಿ ಕರಗಿಸಲಿಲ್ಲ. ಅಧಿಕಾರಸ್ಥರು ಹೋಲಿಸತೊಡಗಿದಾಗಲಾದರೋ, ಬಡವರೆಲ್ಲರೂ ಮನೆ ಕೇಳುತ್ತಾರೆ, ನೀವೂ ಸರದಿಯಲ್ಲಿ ನಿಲ್ಲಿರಿ ಎಂಬ ಉತ್ತರಕ್ಕೆ ದಾರಿ ತೆರೆಯುತ್ತದೆ.

ಬೇಡಿಕೆಗಳೂ ಒಂದೇ ಬಗೆಯವಲ್ಲ. ೨೦೨೧ರ ಆರಂಭದಲ್ಲಿ ಕುರುಬರು ಪರಿಶಿಷ್ಟ ಪಂಗಡದ ಸ್ಥಾನವನ್ನು ಬೇಡಿ ಕಾಗಿನೆಲೆಯಿಂದಲೂ, ಪಂಚಮಸಾಲಿಗಳು ಮೀಸಲಾತಿಯ ೨ಎ ಪ್ರವರ್ಗವನ್ನು ಬೇಡಿ ಕೂಡಲಸಂಗಮದಿಂದಲೂ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಅವರವರ ವಾದ ಅವರವರಿಗಿದೆ. ಎರಡೂ ಪಟ್ಟಿಯೊಳಗಿನ ಸ್ಥಾನವನ್ನು ಕುರಿತ ವಾದಗಳು. ಭಂಗಿಗಳಾದರೋ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಮೊದಲೇ ಇದ್ದವರು. ಪುರಸಭೆಯ ಮುಂದೆ ಅವರು ನಿಂತದ್ದು, ಮಲಗುವಷ್ಟು ನೆಲ ತಮ್ಮದಾಗಿ ಉಳಿಯಲೆಂದು.